ಕೊನೆಯ ಬಾಟಲಿಯ ಮುಚ್ಚಳ

ಸ್ತ್ರೂಮಿತ್ಸಾ, ಅಕ್ಟೋಬರ್

ಅಮ್ಮಾ,

ಕೆಂಪು ದಪ್ಪಮೆಣಸಿನಕಾಯಿ ಸುಟ್ಟು ನೀನು ಕೊನೆಯ ಸಲ ಮಾಡಿಟ್ಟು ಹೋದ ಆಯ್ವರ್ ಚಟ್ನಿಯಲ್ಲಿ ಉಳಿದಿದ್ದ ಒಂದೇ ಬಾಟಲಿ ಇವತ್ತು ಖಾಲಿಯಾಯಿತು. ಬೈಯಬೇಡ. ವರ್ಷದಿಂದ ಅದನ್ನು ಮುಟ್ಟಲೂ ಹೆದರಿದ್ದೆ. ಬೆಳಿಗ್ಗೆ ಧೈರ್ಯಮಾಡಿದರೆ ಮುಚ್ಚಳ ಜಪ್ಪಯ್ಯ ಅಂದರೂ ಬರಲಿಲ್ಲ. "ಕೊಡಿಲ್ಲಿ, ನಿನ್ನ ಕೈಲಾಗಲ್ಲ" ಎಂದು ಕಿತ್ತುಕೊಳ್ಳಲು ನೀನಿಲ್ಲ. ಹಾಗೇ ಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೋದೆ.

ನನ್ನ ಒಂದನೇ ತರಗತಿಯ ಮುಂದಿಟ್ಟು, "ಇದನ್ನ ತೆಗೆಯೋದು ಹೇಗೆ, ಹೇಳ್ರೋ" ಎಂದೆ. ಅವರು ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆದು, ಮಾಡಿಯೂ ನೋಡಿದೆವು. ತಿರುಗಿಸು. ತಟ್ಟು. ಬಿಸಿನೀರಲ್ಲಿಡು. ಜಗ್ಗಲಿಲ್ಲ. ಶಾಲೆ ಶುರುವಾದಾಗಿನಿಂದ ಬಾಯಿಯೇ ಬಿಡದ ದಫೀನಾ ಎದ್ದು ಬಂದು, ಚಮಚದ ಹಿಡಿಯನ್ನು ಮುಚ್ಚಳದಂಚಿಗೆ ತೂರಿಸಿ, "ಹಿಂಗೆ... ಹಿಂಗ್ ಮಾಡ್ಬೇಕು" ಎಂದಳು.

"ಅದಕ್ಕೆ ಮೀಟೋದು ಅಂತಾರೆ ಪುಟ್ಟಿ."

"ಮೀಟ್ತೀನಿ!" ಎಂದು ಕೂಗಿದಳು. ಟಕ್!

ಇಪ್ಪತ್ತು ಮಕ್ಕಳು ಬ್ರೆಡ್ಡಿಗೆ ಸವರಿಕೊಂಡು ಮೂತಿಯೆಲ್ಲ ಕೆಂಪು ಮಾಡಿಕೊಂಡರು. ಎಷ್ಟು ದಿನದ ಮೇಲೆ ನನ್ನ ಎದೆ ಹಗುರಾಯಿತು, ಅಮ್ಮಾ!

ದಫೀನಾಳ ಬಾಯಿ ಮತ್ತೆ ಮುಚ್ಚಲಿಲ್ಲ. "ಇದನ್ನ ಹೆಂಗ್ ಮಾಡೋದು ಟೀಚರ್?"

"ಗೊತ್ತಿಲ್ಲ ಕಣೇ. ನಮ್ಮಮ್ಮ ಮಾಡ್ತಿದ್ರು."

"ಗೊತ್ತಿಲ್ದಿದ್ರೆ ಕೇಳ್ಬೇಕು ಅಂತ ನೀವೇ ಹೇಳ್ತೀರಲ್ಲ! ಕೇಳ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ಅವಳೇ ದಾರಿ ಹುಡುಕಿದಳು. "ಭಾನುವಾರ ನಮ್ಮಜ್ಜಿ ಮೆಣಸಿನಕಾಯಿ ಸುಡ್ತಾಳೆ, ಬನ್ನಿ."

ಬಾಟಲಿ ತೊಳೆದಿಟ್ಟಿದ್ದೇನೆ. ನೀನು ಅಂಗಳದಲ್ಲಿ ಸುಡುವಾಗ ಹೊಗೆ ಹೊಗೆ ಎಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆನಲ್ಲ, ಭಾನುವಾರ ಆ ಹೊಗೆಯ ಪಕ್ಕದಲ್ಲೇ ಕೂರುತ್ತೇನೆ.

ನಿನ್ನ ಕಲಿನಾ