ಒಂಬತ್ತು ಗಂಟೆಯ ನೆರಳು

ಬ್ಯಾಂಕಾಕ್,
ಬೌದ್ಧ ವರ್ಷ 2541, ನವೆಂಬರ್ 18, ಬುಧವಾರ

ಗೆಳೆಯ ವಿರುನ್‌ಗೆ,

ನೀನು ಆರೋಗ್ಯವಾಗಿರಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ಲೋಯಿಯ ಬೆಟ್ಟಗಳಲ್ಲಿ ಈಗ ಚಳಿ ಹಿಡಿದಿರಬೇಕು. ನಿನ್ನ ಮೊಣಕಾಲಿಗೆ ಅದು ಆಗುವುದಿಲ್ಲ. ಏಪ್ರಿಲ್ ತಿಂಗಳ ಹೊಸ ವರ್ಷಕ್ಕೆ ನೀನು ಹಾಕಿದ ಕಾರ್ಡು ತಲುಪಿತ್ತು. ಮೂರೇ ಸಾಲು: ನೀರೆತ್ತುವ ಪಂಪು ರಿಪೇರಿ ಮಾಡುತ್ತಿದ್ದೇನೆ, ಊಟಕ್ಕೆ ತೊಂದರೆಯಿಲ್ಲ, ನೀನು ಹೇಗಿದ್ದೀಯ. ಏಳು ತಿಂಗಳು ಅದು ಮೇಜಿನ ಗಾಜಿನ ಕೆಳಗಿತ್ತು. ಬರೆಯಲು ಕಾಗದವಿರಲಿಲ್ಲ ಎನ್ನುವಂತಿಲ್ಲ. ಅಕ್ಕನ ಅಂಗಡಿಯಲ್ಲಿ ನಾನೀಗ ಮಾರುವುದೇ ಕಾಗದ, ಪೆನ್ನು, ಲಕೋಟೆ. ಕ್ಷಮಿಸು.

ಮೊದಲು ಸುದ್ದಿ. ನಮ್ಮ ಕಟ್ಟಡದಲ್ಲಿ ಒಂದು ಮನೆ ಕೊಂಡಿದ್ದೇನೆ. ನೀನು ಕಟ್ಟಿದ, ನಾನು ಮಾರಿದ, ಹದಿನಾರು ತಿಂಗಳಿನಿಂದ ಗೋಡೆಯಿಲ್ಲದೆ ನಿಂತಿರುವ ಅದೇ ಕಟ್ಟಡದಲ್ಲಿ. ಹರಾಜಿನಲ್ಲಿ ಅದನ್ನು ಸಿಂಗಪುರದ ಒಂದು ಕಂಪನಿ ತೆಗೆದುಕೊಂಡಿದೆ. ಮನೆಗಳ ಬೆಲೆ ಆಗಿನದರ ಮೂರನೇ ಒಂದು ಪಾಲು. ಎಲ್ಲರೂ ಮಾರುವಾಗ ಕೊಳ್ಳಬೇಕು ಎಂದು ನಾನು ಗಿರಾಕಿಗಳಿಗೆ ಹೇಳುತ್ತಿದ್ದದ್ದು ನಿನಗೆ ನೆನಪಿರಬಹುದು. ಆಗ ಎಲ್ಲರೂ ಕೊಳ್ಳುತ್ತಿದ್ದರು. ನಮ್ಮ ಬಾಟ್ ಹಣದ ಬೆಲೆ ಬಿದ್ದ ಮೇಲೆ ಆ ಮಾತಿಗೆ ಅರ್ಥ ಬಂದಿದೆ, ಕೇಳುವವರು ಮಾತ್ರ ಇಲ್ಲ.

ಹೋದ ಗುರುವಾರ ನೋಡಲು ಹೋಗಿದ್ದೆ. ಕಂಪನಿಯ ಹುಡುಗಿ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ನಾಲ್ಕನೆಯ ಮಹಡಿಯವರೆಗೆ ಬಂದು, ಉಳಿದದ್ದನ್ನು ನೀವೇ ನೋಡಿಕೊಳ್ಳಿ ಎಂದು ನಿಂತಳು. ಅಲ್ಲಿಂದ ನನ್ನನ್ನು ಹತ್ತಿಸಿದವಳು ಲಮ್ಯಾಯಿ. ಕಾವಲಿನವನ ಹೆಂಡತಿ, ರೊಯಿ-ಎತ್ ಕಡೆಯವಳು, ನಿನ್ನ ಕಾಲದಲ್ಲಿ ಗಾರೆ ಕಲಸುತ್ತಿದ್ದಳಲ್ಲ, ಅವಳೇ. ಕೂಲಿಯವರೆಲ್ಲ ಊರಿಗೆ ಹೋದ ಮೇಲೂ ಗಂಡ ಹೆಂಡತಿ ಅಲ್ಲೇ ಉಳಿದಿದ್ದಾರೆ. ಎರಡನೆಯ ಮಹಡಿಯಲ್ಲಿ ಕೋಳಿ ಸಾಕಿದ್ದಾರೆ. ಹರಾಜಿಗೆಂದು ನೋಡಲು ಬಂದವರಿಗೆಲ್ಲ ಅವಳು ಪಪ್ಪಾಯಿ ಕೋಸಂಬರಿ ಕುಟ್ಟಿ ಮಾರಿದ್ದಾಳೆ.

ಒಂಬತ್ತನೆಯ ಮಹಡಿಯಲ್ಲಿ ನಾನು ಕುಳಿತೆ.

"ಏನಣ್ಣಾ, ಇಷ್ಟಕ್ಕೇ ಏದುಸಿರಾ?" ಎಂದಳು. "ಲಿಫ್ಟು ಕೆಟ್ಟಾಗ ತಲೆ ಮೇಲೆ ಗಾರೆ ಬಾಂಡ್ಲಿ ಇಟ್ಕೊಂಡು ಹತ್ತಿದೀನಿ ನಾನು. ಆಗ ನೀವು ಕೆಳಗೆ ತಂಪು ಕೋಣೇಲಿ ಕೂತು ಎಲ್ಲಾರ್ಗೂ ಕಾಫಿ ಕೊಡ್ತಿದ್ರಿ."

"ನಿನಗೂ ಕೊಡಬೇಕಿತ್ತೇನೋ."

"ಕೊಟ್ಟಿದ್ರೆ ಒಂದು ಮನೆ ನಾನೂ ತಗೊಂಬಿಡ್ತಿದ್ದೆ. ಸದ್ಯ, ಕೊಡ್ಲಿಲ್ಲ, ಬದುಕ್ಕೊಂಡೆ!"

ಇಪ್ಪತ್ತೊಂದನೆಯ ಮಹಡಿ ತಲುಪಿದಾಗ ಬೆಳಗಿನ ಎಂಟೂವರೆ. ವಿರುನ್, ನಾನು ಆ ಕಟ್ಟಡದ ಮನೆಗಳನ್ನು ಎರಡು ವರ್ಷ ಮಾರಿದವನು. ಯಾವ ಕಿಟಕಿಗೆ ನದಿ ಕಾಣುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಒಂದು ಸಲವೂ ಹತ್ತಿರಲಿಲ್ಲ. ನಾನು ಮಾರಿದ್ದು ಕಾಗದ.

ಕಿಟಕಿಯಿಲ್ಲ, ಗೋಡೆಯಿಲ್ಲ. ಕಂಬಗಳ ನಡುವೆ ಇಡೀ ಆಕಾಶ ಒಳಗೆ ಬಂದು ನಿಂತಿತ್ತು. ರಾತ್ರಿ ಸುರಿದ ಅಕಾಲದ ಮಳೆಯ ನೀರು ನೆಲದ ಮೇಲೆ ತೆಳ್ಳಗೆ ಹರಡಿ, ಅದರಲ್ಲಿ ಮೋಡ ನಡೆಯುತ್ತಿತ್ತು. ಅಷ್ಟು ಎತ್ತರದಲ್ಲೂ ಏರೋಪ್ಲೇನ್ ಚಿಟ್ಟೆಗಳು ಆ ನೀರಿಗೆ ಬಾಲ ತಾಗಿಸಿ ಏಳುತ್ತಿದ್ದವು. ಹೊರಗೆ, ಕಣ್ಣು ಹೋದಷ್ಟು ದೂರ, ಅರ್ಧಕ್ಕೆ ನಿಂತ ಕಟ್ಟಡಗಳು; ಒಂದೊಂದರ ತಲೆಯ ಮೇಲೂ ಒಂದೊಂದು ಕ್ರೇನು, ಒಂದೂ ಅಲುಗುತ್ತಿರಲಿಲ್ಲ. ಯಾರೋ ಒಂದು ಮಾತು ಹೇಳಲು ಬಾಯಿ ತೆರೆದಾಗ ಊರಿಗೆ ಊರೇ ಕೈ ಎತ್ತಿ ತಡೆದು ನಿಲ್ಲಿಸಿದ ಹಾಗೆ. ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ದೇವಸ್ಥಾನದಲ್ಲೂ ಮುಗಿಯದ ಕೈ ತಾನಾಗಿ ಎದೆಯ ಹತ್ತಿರ ಬಂತು. ಲಮ್ಯಾಯಿ ನೋಡುತ್ತಾಳೆಂದು ಜೇಬಿಗೆ ಹಾಕಿಕೊಂಡೆ.

ಒಂದು ಕಂಬದಲ್ಲಿ ಯಾರದೋ ಅಂಗೈ ಗುರುತಿದೆ, ಸಿಮೆಂಟು ಹಸಿಯಿದ್ದಾಗ ಒತ್ತಿದ್ದು. ನನ್ನ ಕೈಯನ್ನು ಅದರೊಳಗೆ ಇಟ್ಟು ನೋಡಿದೆ. ನನ್ನದಕ್ಕಿಂತ ಚಿಕ್ಕದು. ಆ ಮನೆಯನ್ನೇ ಕೊಂಡೆ.

ಇನ್ನು, ಈ ಪತ್ರ ಬರೆಯಬೇಕಾಗಿ ಬಂದ ಕೆಲಸದ ವಿಷಯ. ಗೇಟಿನ ಹತ್ತಿರ ನೀನು ಕೂರಿಸಿದ, ಈ ನೆಲ ಕಾಯುವ ಜಾಗದಜ್ಜನ ಪುಟ್ಟ ಗುಡಿ ಹಾಗೇ ಇದೆ. ಪಕ್ಕದಲ್ಲಿ, ಕಟ್ಟಡಕ್ಕಾಗಿ ಕಡಿದ ನಿನ್ನ ಅಮ್ಮನ ತೋಟದಲ್ಲಿ ಉಳಿದ ಒಂದೇ ಚಕ್ಕೋತದ ಮರ. ನಾವು ಕೆಳಗಿಳಿದಾಗ ಒಂಬತ್ತು ಗಂಟೆ. ಲಮ್ಯಾಯಿ ಅಜ್ಜನ ಮುಂದೆ ಕೆಂಪು ಸೋಡಾ ಇಟ್ಟು ಊದುಬತ್ತಿ ಹಚ್ಚಿದಳು. ಇಡೀ ಗುಡಿ ಕಟ್ಟಡದ ನೆರಳಿನಲ್ಲಿ ಮುಳುಗಿತ್ತು.

"ಹತ್ತು ಗಂಟೆ ಹತ್ರ ಆಗೋವರ್ಗೂ ಹಿಂಗೇ," ಎಂದಳು. "ಬಾಟ್ ಬಿತ್ತು, ಬ್ಯಾಂಕ್ ಬಿತ್ತು ಅಂತ ಪೇಪರ್ ಓದ್ತೀರ. ಅಜ್ಜನ ತಲೆ ಮೇಲೆ ನೆರಳು ಬಿತ್ತು, ಅದನ್ ಯಾರಾದ್ರೂ ಬರೆದ್ರಾ?"

ಗುಡಿ ಕೂರಿಸಿದ ದಿನ ನೆನಪಾಯಿತು. ಬೆಳಗಿನ ಪೂಜೆಯ ಹೊತ್ತಿಗೆ ಮನೆಯ ನೆರಳು ಅಜ್ಜನ ಮೇಲೆ ಬೀಳಬಾರದು ಎಂದು ಪುರೋಹಿತರು ಹೇಳಿದಾಗ, ನೀನು ನಗುತ್ತಲೇ ಲೆಕ್ಕ ಹಾಕಿ, ಇಪ್ಪತ್ತು ಮಹಡಿಯ ನೆರಳು ಒಂಬತ್ತು ಗಂಟೆಗೆ ಎಲ್ಲಿಗೆ ಬರುತ್ತದೋ ಅಲ್ಲೊಂದು ಬಿದಿರಿನ ಗೂಟ ನೆಟ್ಟೆ. ಗುಡಿ ಅದರಾಚೆ ಎರಡು ಮಾರು. ಆಮೇಲೆ ಇಪ್ಪತ್ತು ಇಪ್ಪತ್ತೆಂಟಾಯಿತು. ಅಡಿಪಾಯ, ಕಂಬ, ನೀರಿನ ಟ್ಯಾಂಕು ಎಲ್ಲಕ್ಕೂ ಮತ್ತೆ ಲೆಕ್ಕ ಹಾಕಿದೆ. ಗೂಟವನ್ನು ಮರೆತೆ. ನಿನ್ನಂಥ ಎಂಜಿನಿಯರು ಮಾಡಿದ ತಪ್ಪು ಅದೊಂದೇ.

ಈಗ ಕೆಲಸ ಮತ್ತೆ ಶುರುವಾಗಬೇಕು. ಹಿಂದೆ ಮುಂಗಡ ಕೊಟ್ಟವರ ಹಣವನ್ನು ಕಂಪನಿ ಬೆಲೆಯಲ್ಲಿ ವಜಾ ಮಾಡಿಕೊಳ್ಳುತ್ತದಂತೆ, ಅವರಿಗೂ ಮನೆ ಸಿಗುತ್ತದೆ. ಆದರೆ ಗಾರೆಯವರು ಗುಡಿ ಬಿಸಿಲಿಗೆ ಬರುವವರೆಗೆ ಒಂದು ಇಟ್ಟಿಗೆಯನ್ನೂ ಎತ್ತುವುದಿಲ್ಲ ಎಂದು ಕುಳಿತಿದ್ದಾರೆ. ಗುಡಿಗೆ ಕಾಲುವೆಯ ಕಡೆ ಜಾಗ ನೋಡಿದ್ದಾರೆ. ಕೂರಿಸಿದವನೇ ಬಂದು ಅಜ್ಜನನ್ನು ಏಳಿಸಬೇಕು ಎನ್ನುತ್ತಾರೆ ಪುರೋಹಿತರು.

"ಬೇರೆಯವ್ರು ಎತ್ತಿದ್ರೆ ಗುಡಿ ಹೋಗುತ್ತೆ, ಅಜ್ಜ ಹೋಗಲ್ಲ," ಎಂದಳು ಲಮ್ಯಾಯಿ. "ವಿರುನಣ್ಣಂಗೆ ಬರೀರಿ. ನಾಚ್ಕೊಂಡು ಎಷ್ಟು ದಿನ ಅಂತ ಬೆಟ್ಟದಲ್ಲಿ ಕೂರ್ತಾರೆ? ಕೋಳಿ ಸಾರು ಮಾಡ್ತೀನಿ ಅನ್ನಿ."

ಡಿಸೆಂಬರ್ 3, ಗುರುವಾರ, ಬೆಳಗಿನ ಒಂಬತ್ತು ಗಂಟೆ ಒಂಬತ್ತು ನಿಮಿಷ. ನೀನು ಬರಬೇಕು.

ನೀನು ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತು. ಭಾನುವಾರ ನಿನ್ನ ಹೆಂಡತಿ ರತನಾಳನ್ನು ನೋಡಿದೆ. ತಾಯಿಯ ಮನೆಯ ಮುಂದೆ ಹೊಲಿಗೆ ಯಂತ್ರ ಹಾಕಿಕೊಂಡು ಪ್ಯಾಂಟುಗಳ ಅಂಚು ಮಡಿಸಿ ಕೊಡುತ್ತಾಳೆ. ತೆಳ್ಳಗಾಗಿದ್ದಾಳೆ. ಹಲ್ಲಿನ ನಡುವೆ ಇದ್ದ ದಾರವನ್ನು ತೆಗೆಯದೆಯೇ ಮಾತಾಡಿದಳು.

"ನಿನ್ನ ಸ್ನೇಹಿತ ಇಪ್ಪತ್ತಕ್ಕೆ ನಿಲ್ಲಿಸಿದ್ರೆ ಸಾಲ ತೀರ್ತಿತ್ತು, ಅತ್ತೆ ಜಾಗ ಕೈಯಲ್ಲೇ ಉಳೀತಿತ್ತು, ನಾವೂ ಒಟ್ಟಿಗೆ ಇರ್ತಿದ್ವಿ. ಅವನಿಗೆ ಮೋಡ ಮುಟ್ಬೇಕಿತ್ತು. ಯಾಕೆ ಅಂತ ಎಷ್ಟು ಸಲ ಕೇಳಿದೆ ಗೊತ್ತಾ? 'ನನಗೇ ಆಸೆಯಾಯ್ತು' ಅಂತಾನೆ, ಅಷ್ಟೇ. ಆಸೆ ಇದ್ದ ಮುಖಾನಾ ಅದು?"

ಆಮೇಲೆ ಯಂತ್ರ ತುಳಿಯತೊಡಗಿದಳು. ನಾನು ತಂದಿದ್ದ ಕಿತ್ತಳೆ ಹಣ್ಣು ಅಲ್ಲಿಟ್ಟು ಬಂದೆ.

ಅಕ್ಕ ನಿನ್ನನ್ನು ಕೇಳಿದ್ದಾಳೆ. ಲೋಯಿಯ ಗಾಳಿ ನಿನ್ನ ಮೇಲೆ ಮೃದುವಾಗಿ ಬೀಸಲಿ. ನೀನು ಮುಟ್ಟಿದ ಪಂಪುಗಳಲ್ಲೆಲ್ಲ ನೀರು ಬರಲಿ. ನನಗೆ ಹರಸುವ ಯೋಗ್ಯತೆ ಇದ್ದರೆ ಇದಕ್ಕಿಂತ ಉದ್ದವಾಗಿ ಹರಸುತ್ತಿದ್ದೆ.

ನಿನ್ನ,
ತಾವೊನ್

ಮತ್ತೆ, ಗುರುವಾರ: ಪತ್ರವನ್ನು ನಿನ್ನೆ ಅಂಚೆಗೆ ಹಾಕಲಿಲ್ಲ. ರತನಾಳ ಮಾತಿಗೆ ನಾನು ಏನು ಹೇಳಿದೆ ಎಂದು ಮೇಲೆ ಬರೆದಿಲ್ಲ. ಏನೂ ಹೇಳಲಿಲ್ಲ.

ಇಪ್ಪತ್ತರ ಮೇಲೆ ಇನ್ನೂ ಎಂಟು ಮಹಡಿ ಬೇಡ ಎಂದು ನೀನು ಎರಡು ಸಲ ಹೇಳಿದ್ದೆ. ಮೂರನೆಯ ಸಲ ಕೇಳುವ ಮೊದಲೇ ನಾನು ನಿನ್ನ ನಕಾಶೆಯ ಮೇಲೆ ಪೆನ್ಸಿಲಿನಲ್ಲಿ ಎಂಟು ಗೆರೆ ಎಳೆದು, ಅದನ್ನು ತೋರಿಸಿ ನಲವತ್ತು ಸಂಸಾರಗಳಿಂದ ಮುಂಗಡ ಪಡೆದಿದ್ದೆ. ನೀನು ಬೈಯಲಿಲ್ಲ. "ಜನರ ಕೈಯಿಂದ ಇಸ್ಕೊಂಡಿದೀಯಲ್ಲೋ, ಇನ್ನು ಕಟ್ಟಲೇಬೇಕು" ಎಂದೆ. ಬ್ಯಾಂಕಿನವರಿಗೆ, ಹೆಂಡತಿಗೆ, ಎಲ್ಲರಿಗೂ ಅದು ನಿನ್ನದೇ ಆಸೆ ಎಂದು ನೀನೇ ಹೇಳಿದೆ. ಆ ಮನೆಗಳ ಕಮಿಷನ್ನನ್ನು ನಾನು ಡಾಲರಿನಲ್ಲಿ ಇಟ್ಟೆ. ಈಗ ಮನೆ ಕೊಂಡದ್ದು ಅದೇ ಹಣದಿಂದ.

ಇಪ್ಪತ್ತೊಂದನೆಯ ಮಹಡಿ ನನ್ನ ಮೊದಲನೆಯ ಗೆರೆ. ಹೋದ ವಾರ ಅದರ ಮೇಲೆ ನಿಂತಿದ್ದೆ. ನನ್ನ ಸುಳ್ಳಿನ ಮೇಲೆ ನಿಂತಿದ್ದೆ, ವಿರುನ್, ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿದ್ದೀಯ. ಕೈ ಮುಗಿಯಲು ಹೊರಟದ್ದು ಅದಕ್ಕೆ.

ಆ ನಕಾಶೆ ನನ್ನ ಹತ್ತಿರವೇ ಇತ್ತು. ಇವತ್ತು ಬೆಳಿಗ್ಗೆ ರತನಾಳಿಗೆ ಕೊಟ್ಟು, ನಡೆದದ್ದನ್ನು ಹೇಳಿ ಬಂದೆ. ಅವಳು ಪೆನ್ಸಿಲ್ ಗೆರೆಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದಳು. ನನ್ನನ್ನು ಕೂರು ಎನ್ನಲಿಲ್ಲ. ಮೊನ್ನೆಯ ಕಿತ್ತಳೆಯ ಚೀಲವನ್ನು ತಂದು ನನ್ನ ಕೈಗೆ ವಾಪಸು ಕೊಟ್ಟಳು. ಬಾಗಿಲು ಹಾಕುವ ಮುಂಚೆ ಒಂದೇ ಒಂದು ಮಾತು ಕೇಳಿದಳು:

"ಲೋಯಿ ಬಸ್ಸು ಎಷ್ಟು ಗಂಟೆಗೆ?"