ಮುರಿದಿಟ್ಟ ಮೆಣಸಿನಕಾಯಿ

ಬ್ಯಾಡಗಿ, ೧೨ ಫೆಬ್ರುವರಿ ೨೦೨೫, ಬುಧವಾರ ಮಧ್ಯಾಹ್ನ. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೇನೆ. ನಾಳೆ ಮಾರುಕಟ್ಟೆ.

ಪ್ರೀತಿಯ ಕೊಟ್ರೇಶ,

ಮೆಣಸಿನಕಾಯಿ ಅಂಗಡಿಯಲ್ಲಿ ಕೆಮ್ಮು ನಿಂತುಹೋದರೆ ಹೇಗಿರುತ್ತದೆಂದು ನಿನಗೆ ಗೊತ್ತಿಲ್ಲ. ಈಗ ಇಲ್ಲಿ ಕೆಮ್ಮುವವಳು ನಾನೊಬ್ಬಳೇ. ನಾನು ಕೆಮ್ಮಿದರೆ ಎದುರು ಸಾಲಿನ ಅಂಗಡಿಗಳೂ ಒಮ್ಮೆ ಸುಮ್ಮನಾಗುತ್ತವೆ.

ಅಂಗಡಿಯ ಕೆಲಸಕ್ಕೆ ನಾನು ಕೊಡುವ ಪಗಾರದಲ್ಲಿ ನೀನು ಒಂದು ಪಕ್ಷಕ್ಕೆ ದೇಣಿಗೆ ಕೊಟ್ಟೆ. ರಸೀದಿಯ ಫೋಟೊ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಅಷ್ಟಕ್ಕೇ ಖರೀದಿದಾರರು ನಮ್ಮ ದಲಾಲಿ ಅಂಗಡಿಯ ರಾಶಿಗೆ ದರ ಹಾಕುವುದನ್ನು ಬಿಟ್ಟರು. ಜಗಳವಿಲ್ಲ, ಬೈಗುಳವಿಲ್ಲ. ಮದುವೆಯಲ್ಲಿ ಸಿಕ್ಕರೆ "ಅರಾಮ ಇದ್ದೀರೇನ್ರಿ ಅಕ್ಕಾರ" ಎನ್ನುತ್ತಾರೆ. ಅವರೇ ಮಾರುಕಟ್ಟೆಯಲ್ಲಿ, ಕೆಂಪು ರಾಶಿಯಿದ್ದಲ್ಲಿ ಬರೀ ನೆಲವಿದೆ ಎಂಬಂತೆ ದಾಟಿ ಹೋಗುತ್ತಾರೆ. ರೈತರೂ ಮಾಲನ್ನು ಬೇರೆ ಅಂಗಡಿಗೆ ಒಯ್ಯತೊಡಗಿದ್ದಾರೆ. ಹೀಗೇ ನಡೆದರೆ ಯುಗಾದಿಗೆ ಬಾಗಿಲು ಹಾಕಬೇಕು.

ನಿನ್ನ ಪಕ್ಷ ನನಗೆ ಹಿಡಿಸುವುದಿಲ್ಲ, ನಿನಗದು ಗೊತ್ತು. ಎಲ್ಲಿ ಕೊಳ್ಳಬೇಕೆಂಬುದು ಅವರ ಇಚ್ಛೆ, ಅದೂ ಸರಿ. ದೇಣಿಗೆ ನಾನು ಕೊಟ್ಟಿದ್ದರೆ ನನ್ನ ರಾಶಿ ಬಿಡಲಿ. ಆದರೆ ದುಡಿದ ಪಗಾರ ನಿನ್ನ ಕೈ ಸೇರಿದ ಮೇಲೂ ನನ್ನದೇ? ನಮ್ಮಲ್ಲಿ ತೊಟ್ಟು ಬಿಡಿಸುವ ಫಕ್ಕೀರವ್ವ, ಖರೀದಿದಾರರಲ್ಲಿ ಹಿರಿಯರಾದ ರಘೋತ್ತಮರಾಯರನ್ನು ತಡೆದು ಕೇಳಿದಳು: "ರೊಕ್ಕಾ ಕೊಟ್ಟಾಂವ ಅಂವ. ನನ್ನ ಒಲಿ ಯಾಕ ಆರಸ್ತೀರಿ?" ಅವರು ಅವಳನ್ನೂ ಹಾಗೇ ದಾಟಿ ಬಂದು ನನಗೆ ಹೇಳಿದರು: "ಆ ಹುಡುಗನ್ನ ಕೆಲಸದಿಂದ ಬಿಡಸ್ರಿ. ಮರುದಿನಾನ ಎಲ್ಲಾರೂ ಬರ್ತಾರ." ಅದು ನಿನ್ನ ಕಿವಿಗೂ ಬಿತ್ತು. "ನನ್ನ ಸಲುವಾಗಿ ಅಂಗಡಿ ಮುಳಗೂದು ಬ್ಯಾಡಕ್ಕಾ" ಎಂದು ಎದ್ದು ಹೋದವನು ಮತ್ತೆ ಬರಲಿಲ್ಲ.

ನೀನು ಹೋದ ಮೇಲಿನದನ್ನು ಹೇಳುತ್ತೇನೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ರಾಶಿಯ ಮಗ್ಗುಲಲ್ಲಿ ಒಂದು ಕೈ ಹಾಕಿದ ಗುಂಡಿ. ಕೆಳಗೆ ಎರಡಾಗಿ ಮುರಿದ ಕಾಯಿ. ಕೊಳ್ಳುವ ಮುಂಚೆ ಮುರಿದು ಮೂಸಿ ನೋಡುವ ಕೈಯ ಗುರುತು ನಮಗೆ ತಿಳಿಯದೇ? ಮಾರನೆಯ ದಿನ ಇನ್ನೊಂದು, ಬೇರೆ ಮಗ್ಗುಲಲ್ಲಿ. ಇಂದು ರಾಶಿಯ ಸುತ್ತಲೂ ಇವೆ. ನೋಡುತ್ತ ನಿಂತವಳಿಗೆ ಹೊಳೆಯಿತು: ಖರೀದಿದಾರರೇ ರಾತ್ರಿ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಬಂದು ಹೋಗುತ್ತಿದ್ದಾರೆ. ಸಿಟ್ಟಿದ್ದರೆ ಹಗಲಲ್ಲೇ ಬಂದು ಬೈಯುತ್ತಿದ್ದರು. ಅವರೆಲ್ಲ ಒಬ್ಬರಿಗೊಬ್ಬರು ಹೆದರಿದ್ದಾರೆ, ಕೊಟ್ರೇಶ.

ನಿನ್ನನ್ನು ಬಿಡಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನಾಳೆ ನೀನು ರಾಶಿಯ ಎದುರಿಗೇ ಕೂತುಕೊಳ್ಳಬೇಕು, ನಿನ್ನ ಪಕ್ಕದಲ್ಲಿ ನಾನು. ಮುರಿದ ಕಾಯಿಗಳನ್ನು ಗುಡಿಸಿಲ್ಲ, ಎಲ್ಲರಿಗೂ ಕಾಣಲಿ. ಆಮೇಲೂ ಯಾರೂ ದರ ಹಾಕದಿರಬಹುದು. ಈ ಪತ್ರವನ್ನು ಸಂಜೆ ನಿಮ್ಮೂರು ಮೋಟೆಬೆನ್ನೂರಿಗೆ ಹೊರಡುವ ಫಕ್ಕೀರವ್ವನ ಕೈಗೆ ಕೊಡಬೇಕು. ಇನ್ನೂ ಕೊಟ್ಟಿಲ್ಲ.

ನಿನ್ನ ಕೈಯ ಉರಿ ಆರಲಿ, ತಮ್ಮಾ.

ಪದ್ಮಜಕ್ಕ