ಇರುವಿಕೆಯ ಜೊತೆ ಜಗಳ

ತಿರುಪ್ಪೂರು
ಜೂನ್ ೧೬, ೨೦೨೪

ಪ್ರೀತಿಯ ತಮ್ಮ ಜೀವನನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎರಡು ತಿಂಗಳು ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಹೋದರೆ ನೀನು ಪಾಠ ಶುರುಮಾಡುತ್ತೀಯ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಫಾದರ್ ಆಗಲು ನೀನು ಓದುವ ಗುರುಮಠದ ತತ್ವಶಾಸ್ತ್ರ ಹೇಗೆ ತಲೆಗೆ ಹತ್ತಬೇಕು? ನಿನ್ನ ಕೆಮ್ಮು ಹೋಯಿತಾ? ಬಿಸಿನೀರು ಕುಡಿಯುತ್ತಿದ್ದೀಯಾ?

"ದೇವರು ಇರುವವುಗಳಲ್ಲಿ ಇನ್ನೊಂದಲ್ಲ, ಇರುವಿಕೆಯೇ ಅವನು. ಮೇಜು ಇದೆ ಅನ್ನುವ ಹಾಗೆ ದೇವರು ಇದ್ದಾನೆ ಅನ್ನಬಾರದು" ಎಂದು ಬರೆದಿದ್ದೆಯಲ್ಲ, ನನ್ನ ತಮ್ಮ ಬರೆದದ್ದು ಎಂಬ ಜಂಬ ನನಗೆ. ಬೀದಿಯ ಜಪಕೂಟದಲ್ಲಿ ಅದನ್ನೇ ನನ್ನ ಹರಕು ತಮಿಳಿನಲ್ಲಿ ಹೇಳಿಬಿಟ್ಟೆ. ಜಪ ನಡೆಸುವ ಆರೋಕ್ಯಮ್ಮಾಳ್ ಜಪಸರ ಕೆಳಗಿಟ್ಟು, "ಎನ್ನಕ್ಕಾ, ಕಡವುಳೇ ಇಲ್ಲೈನು ಸೊಲ್ರೀಂಗಳಾ?" ಎಂದಳು. ನಾನು ದೇವರೇ ಇಲ್ಲ ಅಂದೆನೆಂದು ಸುದ್ದಿಯಾಯಿತು. ಈಗ ಕಾಯಿಲೆಯವರ ಮನೆಗೆ ಜಪಕ್ಕೆ ಹೋಗುವಾಗ ನನ್ನನ್ನು ಕರೆಯುವುದಿಲ್ಲ. ಬನಿಯನ್ ಕಂಪನಿಯಲ್ಲಿ ನನ್ನ ಪಕ್ಕ ಕೂರುವ ಕಣ್ಣಮ್ಮ, "ಏನಕ್ಕಾ, ನಿಮ್ ಸಾಮಿ ಲೀವಾ?" ಎಂದು ಕಿಚಾಯಿಸುತ್ತಾಳೆ. ಇದು ಇಲ್ಲಿನ ಫಾದರ್ ಕಿವಿಗೆ ಬಿದ್ದು, ಅವರು ಗುರುಮಠಕ್ಕೆ ಬರೆದು, ನಿನ್ನನ್ನು ಅಲ್ಲಿಂದ ಕಳಿಸಿಬಿಟ್ಟರೆ?

ಅದೂ ಹೋಗಲಿ. ಜಪಕ್ಕೆ ಕೂತರೆ ಬಾಯಿಯೇ ಬರುವುದಿಲ್ಲ. ಮೊದಲು "ಅಪ್ಪಾ, ನಿನಗೆ ಕಣ್ಣಿಲ್ಲವಾ?" ಎಂದು ಜಗಳವಾಡಿ, ಅತ್ತು, ಎದ್ದು ಕೆಲಸಕ್ಕೆ ಹೋಗುತ್ತಿದ್ದೆ. ಇರುವಿಕೆಯ ಜೊತೆ ಹೇಗೆ ಜಗಳವಾಡಲಿ? ನಿನ್ನ ಭಾವನನ್ನು ಕೇಳಿದರೆ, "ಓದೋನು ನಿನ್ ತಮ್ಮ, ತಲೆ ಕೆಡೋದು ನಿಂದು. ಸಾರಿಗೆ ಉಪ್ಪಾಕು ಮೊದ್ಲು" ಎಂದರು.

ಸಿಟ್ಟಿನಲ್ಲಿ ಏನಾದರೂ ಹೆಚ್ಚು ಬರೆದಿದ್ದರೆ ಹೊಟ್ಟೆಗೆ ಹಾಕಿಕೋ. ನೀನು ಪೀಠದ ಮುಂದೆ ನಿಂತು ಪೂಜೆ ಅರ್ಪಿಸುವುದನ್ನು ನಾನು ಕಣ್ಣಾರೆ ನೋಡಬೇಕು. ಮಾತೆ ಮರಿಯಮ್ಮನವರ ಸೆರಗು ನಿನ್ನ ತಲೆಯ ಮೇಲಿರಲಿ.

ನಿನ್ನ ಅಕ್ಕ,
ಮೇರಿ

ವಿ.ಸೂ.: ಮೇಲೆ ಬರೆಯಲು ಕೈ ಬರಲಿಲ್ಲ. ನನ್ನ ಕೂಸು ಎರಡು ಗಂಟೆ ಉಸಿರಾಡಿತ್ತು. ಫಾದರನ್ನು ಕರೆಸಿ ಜ್ಞಾನಸ್ನಾನ ಕೊಡಿಸಲೂ ಹೊತ್ತು ಸಿಗಲಿಲ್ಲ. "ಹುಟ್ಲೇ ಇಲ್ಲ ಅಂದ್ಕೋ" ಎಂದರು ನಿನ್ನ ಭಾವ. ಹದಿಮೂರು ವರ್ಷದ ನೀನು ಮಾತ್ರ ನನ್ನ ಕೈ ಹಿಡಿದು, "ದೇವ್ರು ಎತ್ಕೊಂಡಿದಾನೆ ಅಕ್ಕಾ" ಅಂದೆ. ಆ ಒಂದು ಮಾತಿನ ಮೇಲೆ ಒಂಬತ್ತು ವರ್ಷ ಬದುಕಿದ್ದೇನೆ. ಇರುವಿಕೆಗೆ ಮಡಿಲಿದೆಯಾ, ಜೀವಾ? ಪುಸ್ತಕ ತೆರೆಯಬೇಡ. ಇದೆ ಅಥವಾ ಇಲ್ಲ, ಅಷ್ಟೇ ಬರೆ.